ಟ್ರಂಕಿನಲ್ಲಿ ಉಳಿದ ಎಚ್‌ಎಂಟಿ: ಹಳೆಯ ಕೈಗಡಿಯಾರಕ್ಕೆ ಬೆಲೆ ಬರುವ ಬಗೆ

ಬಳಸಿದ ವಸ್ತುವಿನ ಬೆಲೆ ಹೊಸದರ ಬೆಲೆಗಿಂತ ಕೆಳಗಿರಬೇಕೆಂಬುದು ಯಾವ ಸಂತೆಯಲ್ಲೂ ಪ್ರಶ್ನಿಸದೆ ಒಪ್ಪುವ ಲೆಕ್ಕ. ಯಾಂತ್ರಿಕ ಕೈಗಡಿಯಾರಗಳ ಮರುಮಾರಾಟದಲ್ಲಿ, ಅದರಲ್ಲೂ ಕ್ರೋನೋಗ್ರಾಫ್ ಎಂದು ಕರೆಯಲಾಗುವ ದುಬಾರಿ ಸ್ವಿಸ್ ಗಡಿಯಾರಗಳ ವಹಿವಾಟಿನಲ್ಲಿ, ಈ ಲೆಕ್ಕ ಹಲವು ಸಲ ತಿರುವುಮುರುವಾಗಿ, ಐವತ್ತು ವರ್ಷ ಹಳೆಯದಾದ, ಗೀರು ಬಿದ್ದ, ಡಯಲಿನ ಬಣ್ಣ ಮಾಸಿದ ಗಡಿಯಾರವು ಅಂಗಡಿಯಲ್ಲಿರುವ ಹೊಸದಕ್ಕಿಂತ ಅನೇಕ ಪಟ್ಟು ಬೆಲೆ ತರುವುದುಂಟು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಓದುಗರಿಗೆ ಇದು ದೂರದ ಸಿರಿವಂತರ ವಿಷಯವೆಂದು ತೋರಬಹುದಾದರೂ, ಆ ಬೆಲೆಯನ್ನು ನಿರ್ಧರಿಸುವ ನಿಯಮಗಳೇ ಇಲ್ಲಿನ ಮನೆಗಳ ಟ್ರಂಕುಗಳಲ್ಲಿ ಚಾವಿ ಕೊಡುವವರಿಲ್ಲದೆ ನಿಂತುಹೋಗಿರುವ ಎಚ್‌ಎಂಟಿ ಕೈಗಡಿಯಾರಗಳಿಗೂ ಅನ್ವಯಿಸುತ್ತವೆ. ಆ ನಿಯಮ ತಿಳಿಯದೆ, ಅಪ್ಪನ ಅಥವಾ ಅಜ್ಜನ ವಾಚನ್ನು ಹೊಸದರಂತೆ ಮಾಡಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಅದರ ಬೆಲೆಯನ್ನೂ ಗುರುತನ್ನೂ ಅಳಿಸಿಬಿಡುವುದು ನಡೆಯುತ್ತಲೇ ಇರುವುದರಿಂದ, ಈ ವಿಷಯವನ್ನು ಬಿಡಿಸಿ ನೋಡಬೇಕಾಗಿದೆ.

ಮೊದಲು ಕ್ರೋನೋಗ್ರಾಫ್ ಎಂದರೇನೆಂಬುದನ್ನು ನೋಡಬಹುದು. ಸಮಯ ತೋರಿಸುವ ಕೆಲಸದ ಜತೆಗೆ ಸ್ಟಾಪ್‌ವಾಚ್‌ನ ಕೆಲಸವನ್ನೂ ಮಾಡುವ ಕೈಗಡಿಯಾರವೇ ಕ್ರೋನೋಗ್ರಾಫ್. ಚಾವಿ ಕೊಡುವ ತಿರುಪಿನ ಮೇಲೊಂದು, ಕೆಳಗೊಂದು ಗುಂಡಿಗಳಿದ್ದು, ಮೇಲಿನದನ್ನು ಒತ್ತಿದರೆ ನಡುವಿನ ಉದ್ದನೆಯ ಸೆಕೆಂಡ್ ಮುಳ್ಳು ಓಡತೊಡಗುತ್ತದೆ, ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ, ಕೆಳಗಿನದನ್ನು ಒತ್ತಿದರೆ ಸೊನ್ನೆಗೆ ಮರಳುತ್ತದೆ. ಕಳೆದ ನಿಮಿಷ ಮತ್ತು ತಾಸುಗಳನ್ನು ಡಯಲಿನೊಳಗಿನ ಪುಟ್ಟ ಉಪಡಯಲುಗಳು ಎಣಿಸುತ್ತವೆ. ಹೇಳಲು ಸರಳವಾದ ಈ ಕೆಲಸದ ಹಿಂದೆ ದೊಡ್ಡ ಕಸುಬುಗಾರಿಕೆಯಿದೆ. ಗುಂಡಿಯ ಒತ್ತು ಒಳಗಿನ ಸನ್ನೆಯೊಂದನ್ನು ತಳ್ಳುತ್ತದೆ. ಆ ಸನ್ನೆಯು ಗೋಪುರದಂತೆ ನಿಂತ ಪುಟ್ಟ ಕಂಬಗಳಿರುವ ಚಕ್ರವೊಂದನ್ನು ಒಂದು ಹಲ್ಲಿನಷ್ಟು ತಿರುಗಿಸುತ್ತದೆ. ಕಂಬಗಳ ನಡುವಿನ ಸಂದಿಗೆ ಇನ್ನೊಂದು ಸನ್ನೆಯ ಮೂತಿ ಬಿದ್ದಾಗ, ಅಲ್ಲಿಯವರೆಗೆ ಬೇರೆಯಾಗಿದ್ದ ಎರಡು ಹಲ್ಲುಗಾಲಿಗಳು ಕೂಡಿಕೊಂಡು ಓಟ ಆರಂಭವಾಗುತ್ತದೆ. ಸಮಯ ತೋರಿಸುತ್ತಿರುವ ಮುಖ್ಯ ಯಂತ್ರದ ನಡಿಗೆಗೆ ಅಡ್ಡಿಯಾಗದಂತೆ, ಮುಳ್ಳು ಜಿಗಿಯದಂತೆ ಇದೆಲ್ಲ ನಡೆಯಬೇಕು. ಕೆಲವು ಕ್ರೋನೋಗ್ರಾಫ್‌ಗಳ ಅಂಚಿನಲ್ಲಿ ಟ್ಯಾಕಿಮೀಟರ್ ಎಂಬ ವೇಗದ ಅಳತೆಪಟ್ಟಿಯೂ ಇರುತ್ತದೆ: ಹೊಸಪೇಟೆಯಿಂದ ಕುಷ್ಟಗಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದು ಕಿಲೋಮೀಟರ್ ಕಲ್ಲು ದಾಟುವಾಗ ಗುಂಡಿ ಒತ್ತಿ, ಮುಂದಿನ ಕಲ್ಲಿನ ಬಳಿ ನಿಲ್ಲಿಸಿದಾಗ ಮುಳ್ಳು 45ನೇ ಸೆಕೆಂಡಿನಲ್ಲಿ ನಿಂತರೆ, ಅದರೆದುರು ಪಟ್ಟಿಯಲ್ಲಿ ಬರೆದ 80 ಎಂಬ ಅಂಕಿಯೇ ವಾಹನದ ತಾಸಿನ ವೇಗ. ಸಂತೆ ಬಜಾರುಗಳಲ್ಲಿ ಫಸ್ಟ್ ಕಾಪಿ ಎಂದು ಮಾರಾಟವಾಗುವ ಅಗ್ಗದ ವಾಚುಗಳಲ್ಲಿ ಈ ಉಪಡಯಲುಗಳು ಬರಿಯ ಅಲಂಕಾರವಾಗಿರುವುದು, ಗುಂಡಿ ಒತ್ತಿದರೆ ಏನೂ ಆಗದಿರುವುದು ಅಥವಾ ವಾರದ ದಿನ ಮಾತ್ರ ಬದಲಾಗುವುದು ಸಾಮಾನ್ಯ. ಅಸಲಿ ನಕಲಿಗಳ ಮೊದಲ ಪರೀಕ್ಷೆ ಅಲ್ಲಿಯೇ ಮುಗಿಯುತ್ತದೆ.

ಮರುಮಾರಾಟದಲ್ಲಿ ಹೆಚ್ಚು ಹೆಸರು ಕೇಳಿಬರುವ ಕ್ರೋನೋಗ್ರಾಫ್‌ಗಳೆಂದರೆ ಒಮೆಗಾ ಕಂಪನಿ 1957ರಲ್ಲಿ ಹೊರತಂದ ಸ್ಪೀಡ್‌ಮಾಸ್ಟರ್ ಮತ್ತು ರೋಲೆಕ್ಸ್ 1963ರಲ್ಲಿ ಹೊರತಂದ ಡೇಟೋನಾ. ಮೊದಲನೆಯದನ್ನು ಅಮೆರಿಕದ ನಾಸಾ ಸಂಸ್ಥೆ ಪರೀಕ್ಷಿಸಿ 1965ರಲ್ಲಿ ಗಗನಯಾತ್ರಿಗಳ ಬಳಕೆಗೆ ಒಪ್ಪಿದ್ದರಿಂದ ಅದು 1969ರಲ್ಲಿ ಚಂದ್ರನ ಮೇಲೂ ಹೋಯಿತು. ಎರಡನೆಯದರ ಕಥೆ ಇಲ್ಲಿನ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ಮೊದಲ ಡೇಟೋನಾಗಳು, ಅದರಲ್ಲೂ ಎರಡು ಬಣ್ಣದ ವಿಚಿತ್ರ ಡಯಲಿನವು, ಅಂದಿನ ಗಿರಾಕಿಗಳಿಗೆ ಹಿಡಿಸದೆ ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದಿದ್ದವು. ನಟ ಪಾಲ್ ನ್ಯೂಮನ್‌ಗೆ ಪತ್ನಿ ಜೋನ್ ವುಡ್‌ವರ್ಡ್ ಉಡುಗೊರೆಯಾಗಿ ಕೊಟ್ಟದ್ದು ಅಂಥದೇ ಒಂದು ಗಡಿಯಾರ. ಮೋಟಾರು ಪಂದ್ಯಗಳ ಹುಚ್ಚಿದ್ದ ಗಂಡನಿಗೆ ಎಚ್ಚರಿಕೆಯಿಂದ ಗಾಡಿ ಓಡಿಸಲು ಹೇಳುವ ಮಾತನ್ನು ಆಕೆ ಅದರ ಹಿಂಬದಿಯ ಮುಚ್ಚಳದ ಮೇಲೆ ಕೊರೆಸಿದ್ದರು. ನ್ಯೂಮನ್ ಅದನ್ನು ಮುಂದೆ ಮಗಳ ಗೆಳೆಯನಿಗೆ ಕೊಟ್ಟುಬಿಟ್ಟರು. ಅದೇ ಗಡಿಯಾರ 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಫಿಲಿಪ್ಸ್ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು. ಅದರೊಳಗಿನ ಯಂತ್ರ ಅದೇ ಮಾದರಿಯ ಇತರ ಗಡಿಯಾರಗಳ ಯಂತ್ರಕ್ಕಿಂತ ಬೇರೆಯಲ್ಲ. ಕೊಂಡವರು ಹಣ ಕೊಟ್ಟದ್ದು ಆ ಕೆತ್ತನೆಗೆ, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಸಂದೇಹವಿಲ್ಲದ ದಾಖಲೆಗೆ ಮತ್ತು ಯಾರೂ ಬದಲಿಸದೆ ಉಳಿದ ಅದರ ಮೂಲ ಡಯಲಿಗೆ.

ಬೆಲೆ ಹೀಗೆ ಏರುವುದಕ್ಕೆ ಕೊರತೆಯೆಂಬ ಕಾರಣವೂ ಸೇರಿಕೊಳ್ಳುತ್ತದೆ. ಬೇಡಿಕೆಯಿರುವಷ್ಟು ಡೇಟೋನಾಗಳು ಅಧಿಕೃತ ಅಂಗಡಿಗಳಲ್ಲಿ ದೊರೆಯದ ಕಾರಣ, ಕಾಯುವ ಪಟ್ಟಿಯಲ್ಲಿ ನಿಲ್ಲಲಾಗದವರು ಬಳಸಿದ ಗಡಿಯಾರಕ್ಕೇ ಹೊಸದಕ್ಕಿಂತ ಹೆಚ್ಚು ಕೊಟ್ಟು ಕೊಳ್ಳುತ್ತಾರೆ. ಹೀಗೆ ಏರಿದ ಬೆಲೆ ಏರುತ್ತಲೇ ಹೋಗುತ್ತದೆಂಬ ಭರವಸೆ ಮಾತ್ರ ಸಲ್ಲದು: 2022ರ ಮೊದಲ ತಿಂಗಳುಗಳಲ್ಲಿ ತುದಿ ಮುಟ್ಟಿದ ಬೆಲೆಗಳು ಅದೇ ವರ್ಷ ಇಳಿಯತೊಡಗಿದಾಗ, ಲಾಭದ ಆಸೆಗೆ ಕೊಂಡವರು ಕೈಸುಟ್ಟುಕೊಂಡರು. ಭಾರತದಲ್ಲಿ 10 ಲಕ್ಷ ರೂಪಾಯಿ ಮೀರಿದ ಕೈಗಡಿಯಾರದ ಮಾರಾಟದ ಮೇಲೆ 2025ರ ಏಪ್ರಿಲ್‌ನಿಂದ ಮಾರುವವರೇ ಶೇ 1ರಷ್ಟು ಆದಾಯ ತೆರಿಗೆಯನ್ನು ಗಿರಾಕಿಯಿಂದ ಪಡೆದು ಸರ್ಕಾರಕ್ಕೆ ಕಟ್ಟಬೇಕೆಂಬ ನಿಯಮ ಬಂದಿರುವುದು ಈ ವಹಿವಾಟು ಇಲ್ಲಿಯೂ ಬೆಳೆದಿರುವುದನ್ನು ತೋರಿಸುತ್ತದೆ.

ಕರ್ನಾಟಕದ ಮಟ್ಟಿಗೆ ಈ ಎಲ್ಲ ಸಂಗತಿಗಳೂ ನಿಜವಾಗಿ ಮೈದಳೆದಿರುವುದು ಎಚ್‌ಎಂಟಿಯಲ್ಲಿ. ಹಿಂದೂಸ್ತಾನ್ ಮಷಿನ್ ಟೂಲ್ಸ್ ಎಂಬ ಸರ್ಕಾರಿ ಕಂಪನಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಯಾದದ್ದು 1953ರಲ್ಲಿ. ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಹರಿದದ್ದೂ ಅದೇ ವರ್ಷ. ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿ ಹುಟ್ಟಿದ ಈ ಕಂಪನಿ, ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆಯಿತು, ಮೊದಲ ಗಡಿಯಾರಗಳನ್ನು ಪ್ರಧಾನಿ ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು. ಅಲ್ಲಿಯವರೆಗೆ ಕೈಗಡಿಯಾರವೆಂದರೆ ವಿದೇಶದಿಂದ ಬರಬೇಕಾಗಿದ್ದ, ವಕೀಲರೋ ಅಧಿಕಾರಿಗಳೋ ಕಟ್ಟಿಕೊಳ್ಳುತ್ತಿದ್ದ ವಸ್ತು. ಜನತಾ, ಪೈಲಟ್, ಜವಾನ್, ಕೋಹಿನೂರ್, ಸೋನಾ, ಹೆಂಗಸರಿಗಾಗಿ ಸುಜಾತಾ ಎಂಬ ಹೆಸರುಗಳಲ್ಲಿ ಬಂದ ಎಚ್‌ಎಂಟಿ ಮಾದರಿಗಳು ಅದನ್ನು ಶಾಲಾ ಮಾಸ್ತರರ, ಬಸ್ ಕಂಡಕ್ಟರರ, ಒಕ್ಕಲಿಗರ ಮಣಿಕಟ್ಟಿಗೆ ತಂದವು. ಕೆಲವು ಜನತಾ ಡಯಲುಗಳ ಮೇಲೆ ಹೆಸರು ದೇವನಾಗರಿ ಲಿಪಿಯಲ್ಲಿ ಅಚ್ಚಾಗಿರುತ್ತಿತ್ತು; ಕುರುಡರು ಮುಳ್ಳು ಮುಟ್ಟಿ ಸಮಯ ತಿಳಿಯಬಹುದಾದ ಬ್ರೈಲ್ ಗಡಿಯಾರಗಳನ್ನೂ ಕಂಪನಿ ತಯಾರಿಸಿತು. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆ ಆರಂಭವಾಯಿತು.

ಗಡಿಯಾರಗಳ ಸಂಗ್ರಹದ ಜತೆ ಕೊಪ್ಪಳದ ನಂಟು ಎಚ್‌ಎಂಟಿಗಿಂತಲೂ ಹಳೆಯದು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಆ ಮನೆತನದ ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ ಜೀವಮಾನವಿಡೀ ಸಂಗ್ರಹಿಸಿದ ಕಲಾವಸ್ತುಗಳು 1951ರಲ್ಲಿ ಹೈದರಾಬಾದಿನ ವಸ್ತುಸಂಗ್ರಹಾಲಯವಾದವು. ಅಲ್ಲಿನ ಗಡಿಯಾರಗಳ ವಿಭಾಗದಲ್ಲಿ ಕಲ್ಕತ್ತದ ಕುಕ್ ಅಂಡ್ ಕೆಲ್ವಿ ಕಂಪನಿಯ ಹೆಸರು ಹೊತ್ತ ಸಂಗೀತ ಗಡಿಯಾರದಿಂದ ಗಡ್ಡದ ಗೊಂಬೆಯೊಂದು ಹೊರಬಂದು ಜಾಗಟೆ ಬಾರಿಸುವುದನ್ನು ನೋಡಲು ಇಂದಿಗೂ ಜನ ತಾಸಿಗೊಮ್ಮೆ ಸೇರುತ್ತಾರೆ. ಹೀಗೆ ಜಹಗೀರುದಾರರ ಮನೆಯಲ್ಲಿ ಅಪರೂಪದ ಗಡಿಯಾರಗಳು ಸೇರುತ್ತಿದ್ದ ಕಾಲದಲ್ಲಿ, ಕೊಪ್ಪಳ ಸೀಮೆಯ ರೈತ ತಲೆಯೆತ್ತಿ ಹೊತ್ತು ನೋಡಿ ತಾಸು ಅಂದಾಜಿಸುತ್ತಿದ್ದ. ಜಹಗೀರು ಹೋಗಿ ಒಂದೆರಡು ದಶಕದಲ್ಲಿ ಅದೇ ರೈತನ ಮಗನ ಕೈಗೆ ಜನತಾ ಬಂದಿತೆಂಬುದನ್ನು ನೆನೆದಾಗ ಆ ಸಾದಾ ಗಡಿಯಾರದ ಘನತೆ ತಿಳಿಯುತ್ತದೆ.

ಕೊಪ್ಪಳ ಸೀಮೆಯ ಎಲ್ಲ ಕಡೆಗೂ ಈ ಗಡಿಯಾರ ಒಂದೇ ದಾರಿಯಲ್ಲಿ ಬರಲಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಗಂಗಾವತಿ ಸೀಮೆಯನ್ನು ಭತ್ತದ ನಾಡಾಗಿಸಿ, ಅಕ್ಕಿ ಗಿರಣಿಗಳು ಎದ್ದು, ಕೈಯಲ್ಲಿ ನಗದು ಓಡಾಡತೊಡಗಿದ ಮನೆಗಳಲ್ಲಿ ಅದು ಸುಗ್ಗಿಯ ನಂತರದ ಖರೀದಿ. ಮಳೆಯನ್ನೇ ನೆಚ್ಚಿದ ಕುಷ್ಟಗಿ, ಯಲಬುರ್ಗಾ ಕಡೆಯ ಜೋಳ ಸಜ್ಜೆಯ ಹೊಲಗಳ ಮನೆಗಳಲ್ಲಿ ಅದು ಬಹುಪಾಲು ಮದುವೆಯ ವಾಚು, ಅಂದರೆ ಹೆಣ್ಣಿನ ಕಡೆಯವರು ಅಳಿಯನಿಗೆ ಉಂಗುರ, ಸೈಕಲ್ಲುಗಳ ಜತೆ ಕೊಡಬೇಕಾಗಿದ್ದ ವಸ್ತು. ಚಾವಿ ಕೊಡುವ ಅಗತ್ಯವಿಲ್ಲದೆ ಕೈಯ ಅಲುಗಾಟಕ್ಕೇ ನಡೆಯುವ ಆಟೊಮ್ಯಾಟಿಕ್ ಕಾಂಚನ್ ಮಾದರಿಗೆ ಮದುವೆಯ ದಿನಗಳಲ್ಲಿ ಎಷ್ಟು ಬೇಡಿಕೆಯಿತ್ತೆಂದರೆ, ಅದು ಸಿಗಬೇಕಾದರೆ ಕಾಯಬೇಕಾಗಿತ್ತು, ಇಲ್ಲವೇ ಹೆಚ್ಚಿಗೆ ಕೊಡಬೇಕಾಗಿತ್ತು. ವರದಕ್ಷಿಣೆಯ ಹೊರೆಯಲ್ಲಿ ಗಡಿಯಾರವೂ ಸೇರಿತ್ತೆಂಬುದನ್ನು ಈ ಇತಿಹಾಸ ಬರೆಯುವವರು ಮರೆಮಾಚಬಾರದು. ನಿವೃತ್ತಿಯ ದಿನ ಸಹೋದ್ಯೋಗಿಗಳು ವಂತಿಗೆ ಕೂಡಿಸಿ ಕೊಟ್ಟವು, ಹತ್ತನೆಯ ತರಗತಿ ಪಾಸಾದ ಮಗನಿಗೆ ತಂದವು ಬೇರೆ. ಹೀಗೆ ಪ್ರತಿ ಗಡಿಯಾರಕ್ಕೂ ಕೊಟ್ಟವರು, ಪಡೆದವರು, ಒಂದು ದಿನ ಎಂಬ ಮೂರು ಸಂಗತಿಗಳು ಅಂಟಿಕೊಂಡೇ ಬಂದಿವೆ.

ಜನತಾದ ಹಿಂಬದಿಯ ಮುಚ್ಚಳ ತೆಗೆದರೆ ಕಾಣುವುದು ಹದಿನೇಳು ಹರಳುಗಳ, ಚಾವಿಯಿಂದ ನಡೆಯುವ ಯಂತ್ರ. ಹರಳುಗಳೆಂದರೆ ಆಭರಣವಲ್ಲ, ಅಚ್ಚುಗಳು ಸವೆಯದಂತೆ ಅವುಗಳ ತುದಿಗೆ ಆಸರೆಯಾಗಿ ಕೂರಿಸಿದ ಕೃತಕ ಮಾಣಿಕ್ಯದ ಬಿಲ್ಲೆಗಳು. ಬೆಳಿಗ್ಗೆ ಕೊಟ್ಟ ಚಾವಿ ಸುರುಳಿ ಸ್ಪ್ರಿಂಗನ್ನು ಬಿಗಿಮಾಡುತ್ತದೆ. ಬಿಚ್ಚಿಕೊಳ್ಳಲು ಹವಣಿಸುವ ಅದರ ಬಲ ಗಾಲಿಯಿಂದ ಗಾಲಿಗೆ ಹರಿದು, ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರವನ್ನು ತಲುಪುತ್ತದೆ. ಆ ಚಕ್ರ ತಾಸಿಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ತೂಗುತ್ತದೆ. ಕಿವಿಗೆ ಹಿಡಿದಾಗ ಕೇಳುವ ಟಿಕ್‌ಟಿಕ್ ಅದರದೇ. ಡಯಲಿನ ಮೇಲೆ ಪಾರಾ ಶಾಕ್ ಎಂದು ಬರೆದಿರುವುದು, ಗಡಿಯಾರ ಕೆಳಗೆ ಬಿದ್ದರೂ ಈ ಚಕ್ರದ ಕೂದಲೆಳೆಯಂಥ ಅಚ್ಚು ಮುರಿಯದಂತೆ ಕಾಯುವ ಸಿಟಿಜನ್ ಮೂಲದ ಸ್ಪ್ರಿಂಗ್ ವ್ಯವಸ್ಥೆಯ ಹೆಸರು. ಕ್ರೋನೋಗ್ರಾಫ್‌ನ ಸಂಕೀರ್ಣತೆ ಇದಕ್ಕಿಲ್ಲ, ಎಚ್‌ಎಂಟಿ ಹೆಸರು ಗಳಿಸಿದ್ದು ಮೂರು ಮುಳ್ಳಿನ ಸಾದಾ ಗಡಿಯಾರಗಳಿಂದ. ಆದರೆ ಇದರ ಸರಳತೆಯೇ ದೊಡ್ಡ ಗುಣ, ಏಕೆಂದರೆ ಪೇಟೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು, ಕಣ್ಣಿಗೆ ದುರ್ಬೀನು ಸಿಕ್ಕಿಸಿಕೊಂಡು ಕೂರುವ ರಿಪೇರಿಗಾರರು ಇದನ್ನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಸೂಜಿಮೊನೆಯಷ್ಟು ಎಣ್ಣೆ ಬಿಟ್ಟು ಮತ್ತೆ ನಡೆಸಬಲ್ಲರು. ಎರೆಹೊಲದ ಧೂಳು, ಬೇಸಿಗೆಯ ಬೆವರು ಒಳಹೊಕ್ಕು ನಿಂತುಹೋದ ಎಷ್ಟೋ ಗಡಿಯಾರಗಳಿಗೆ ಬೇಕಾಗಿರುವುದು ಇಷ್ಟೇ.

ಇಷ್ಟು ಹರಡಿದ್ದ ಕಂಪನಿ ಹಿಂದೆ ಸರಿದದ್ದೇಕೆ ಎಂಬುದಕ್ಕೆ ಉತ್ತರ ಕ್ವಾರ್ಟ್ಜ್ ಎಂಬ ಹೊಸ ತಂತ್ರದಲ್ಲಿದೆ. ಸೆಲ್‌ನಿಂದ ನಡೆದು, ಚಾವಿಯ ಗೊಡವೆಯಿಲ್ಲದೆ, ಯಾಂತ್ರಿಕ ಗಡಿಯಾರಕ್ಕಿಂತ ನಿಖರವಾಗಿ ಸಮಯ ತೋರಿಸುವ ಈ ಗಡಿಯಾರಗಳನ್ನು, ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಸೇರಿ 1984ರಲ್ಲಿ ಸ್ಥಾಪಿಸಿದ ಟೈಟಾನ್ ಕಂಪನಿ, ಕರ್ನಾಟಕದ ಗಡಿಗೆ ಅಂಟಿಕೊಂಡ ಹೊಸೂರಿನಲ್ಲಿ ತಯಾರಿಸಿ ಅಂದವಾದ ಅಂಗಡಿಗಳಲ್ಲಿ ಮಾರತೊಡಗಿತು. ಸರ್ಕಾರಿ ಕಂಪನಿ ಆ ವೇಗಕ್ಕೆ ಹೊಂದಿಕೊಳ್ಳಲಿಲ್ಲ. ಎಚ್‌ಎಂಟಿ ವಾಚಸ್ ಲಿಮಿಟೆಡ್ ಅನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿತು. ತುಮಕೂರು ಕಾರ್ಖಾನೆಯ ನೆಲ ಇಸ್ರೊಗೆ ಹೋಯಿತು. ಇದೇ ಕ್ವಾರ್ಟ್ಜ್ ಹೊಡೆತಕ್ಕೆ ಸ್ವಿಟ್ಜರ್‌ಲೆಂಡಿನ ಜೆನಿತ್ ಕಂಪನಿ ಕೂಡ ಸಿಕ್ಕಿ, 1975ರಲ್ಲಿ ಯಾಂತ್ರಿಕ ಗಡಿಯಾರಗಳ ಅಚ್ಚು ಉಪಕರಣಗಳನ್ನು ಗುಜರಿಗೆ ಹಾಕಲು ಅಮೆರಿಕದ ಮಾಲೀಕರು ಆದೇಶಿಸಿದಾಗ, ಚಾರ್ಲ್ಸ್ ವೆರ್ಮೊ ಎಂಬ ಕೆಲಸಗಾರ ಅವನ್ನು ಗುಟ್ಟಾಗಿ ಅಟ್ಟಕ್ಕೆ ಸಾಗಿಸಿ, ಯಾವುದು ಎಲ್ಲಿಗೆ ಸೇರುತ್ತದೆಂದು ಬರೆದಿಟ್ಟ. ಹಾಗೆ ಉಳಿದ ಎಲ್ ಪ್ರಿಮೆರೊ ಎಂಬ ಕ್ರೋನೋಗ್ರಾಫ್ ಯಂತ್ರವನ್ನೇ ರೋಲೆಕ್ಸ್ 1988ರಿಂದ 2000ದವರೆಗೆ ತನ್ನ ಡೇಟೋನಾಗೆ ಆಧಾರವಾಗಿ ಬಳಸಿತು. ಜಾಲಹಳ್ಳಿಯ ಎಚ್‌ಎಂಟಿ ವಸ್ತುಸಂಗ್ರಹಾಲಯದಲ್ಲಿ ಹಳೆಯ ಗಡಿಯಾರಗಳು ಪ್ರದರ್ಶನಕ್ಕಿವೆಯಾದರೂ, ಒಂದು ಕಾರ್ಖಾನೆಯ ಕೈಚಳಕವನ್ನು ಮುಂದೆ ಬೇಕಾಗುತ್ತದೆಂದು ಅಟ್ಟ ಹತ್ತಿಸಿ ಕಾದಿರಿಸುವ ದೂರದೃಷ್ಟಿ ಈ ನಾಡಿಗೂ ಒದಗಬೇಕಾಗಿತ್ತು.

ಕಾರ್ಖಾನೆ ಮುಚ್ಚುವ ಸುದ್ದಿ ಹರಡಿದಾಗಲೇ ಉಳಿದ ದಾಸ್ತಾನಿಗೆ ಜನ ಮುಗಿಬಿದ್ದರು. ವರ್ಷಗಟ್ಟಲೆ ಕೇಳುವವರಿಲ್ಲದ ಗಡಿಯಾರ ಸಂಗ್ರಾಹಕರ ವಸ್ತುವಾಯಿತು. ಇಂದು ಮೂಲ ಸ್ಥಿತಿಯಲ್ಲಿರುವ ಒಳ್ಳೆಯ ಎಚ್‌ಎಂಟಿ ಮಾದರಿಗೆ ಕೆಲವು ಸಾವಿರ ರೂಪಾಯಿ ಕೊಡಲು ಸಿದ್ಧರಿರುವವರು ದೇಶದಲ್ಲೂ ವಿದೇಶದಲ್ಲೂ ಇದ್ದಾರೆ. ಎಲ್ಲಿ ಬೇಡಿಕೆಯೋ ಅಲ್ಲಿ ಕಲಬೆರಕೆ. ಕಪ್ಪು ಡಯಲು, ಬಿಳಿಯ ದಪ್ಪ ಅಂಕಿಗಳ ಪೈಲಟ್ ಮಾದರಿಗೆ ಹೆಚ್ಚು ಗಿರಾಕಿಗಳಿರುವುದರಿಂದ, ಬೇರೆ ಎಚ್‌ಎಂಟಿಗಳ ಡಯಲನ್ನು ಉಜ್ಜಿ, ಹೊಸ ಬಣ್ಣ ಬಳಿದು, ಪೈಲಟ್ ಎಂಬ ಅಕ್ಷರ ಅಚ್ಚೊತ್ತಿ ಮಾರುವುದು ಒಂದು ದಂಧೆಯಾಗಿದೆ. ಇದನ್ನು ರಿಡಯಲ್ ಎನ್ನುತ್ತಾರೆ. ನಾಲ್ಕು ಗಡಿಯಾರಗಳ ಬಿಡಿಭಾಗ ಕೂಡಿಸಿ ಐದನೆಯದನ್ನು ಕಟ್ಟುವುದೂ ಇದೆ. ಮುಂಬೈಯಿಂದ ಹೆಚ್ಚಾಗಿ ಬರುವ ಇಂಥವನ್ನು ಜಗತ್ತಿನ ಸಂಗ್ರಾಹಕರು ಮುಂಬೈ ಸ್ಪೆಷಲ್ ಎಂದೇ ಕರೆಯುತ್ತಾರೆ. ಕಂಪನಿ ತಯಾರಿಸದ ಬಣ್ಣಗಳ ಹೊಳೆಯುವ ಡಯಲುಗಳು ಅಲ್ಲಿಂದಲೇ ಬಂದವು. ನಡೆಯುವ ಗಡಿಯಾರ ಅಗ್ಗಕ್ಕೆ ಬೇಕೆನ್ನುವವರಿಗೆ ಇದರಿಂದ ನಷ್ಟವಿಲ್ಲ, ಆದರೆ ಅಸಲಿಯ ಬೆಲೆಗೆ ಇದನ್ನು ಮಾರುವುದು ಮೋಸ.

ಹಳೆಯದಕ್ಕೆ ಹೊಸ ಬಣ್ಣ ಕೊಡಿಸುವುದು ತಪ್ಪೆಂಬ ಮಾತು ಕೊಪ್ಪಳ ಸೀಮೆಯವರಿಗೆ ಸುಲಭವಾಗಿ ಒಪ್ಪಿಗೆಯಾಗದಿರಲು ಒಂದು ಗೌರವದ ಕಾರಣವಿದೆ. ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳ ಇದೇ ಕೊಪ್ಪಳ ತಾಲ್ಲೂಕಿನಲ್ಲಿದ್ದು, ಅಲ್ಲಿನ ಚಿತ್ರಗಾರರು ಮರದ ದೇವತಾಮೂರ್ತಿಗಳಿಗೆ ಬಣ್ಣ ಕಟ್ಟುವುದರಲ್ಲಿ ನುರಿತವರು. ಜಾತ್ರೆಗೆ ಮುನ್ನ ಗ್ರಾಮದೇವತೆಯ ಮೂರ್ತಿಗೆ ಹೊಸ ಬಣ್ಣ ಬಳಿಸುವುದು ಈ ಭಾಗದಲ್ಲಿ ಭಕ್ತಿಯ ಕೆಲಸ. ಅಲ್ಲಿ ಪೂಜೆಗೆ ಸಲ್ಲುವುದು ದೇವತೆಯೇ ಹೊರತು ಹಳೆಯ ಬಣ್ಣದ ಪದರವಲ್ಲವಾದ್ದರಿಂದ ಆ ಸಂಪ್ರದಾಯ ಸರಿಯಾದದ್ದೇ. ಸಂಗ್ರಾಹಕನಿಗಾದರೋ ಬೇಕಾದದ್ದು ಕಾರ್ಖಾನೆಯಲ್ಲಿ ಅಂದು ಅಚ್ಚಾದ ಆ ಬಣ್ಣವೇ. ಅದು ಹಳದಿಗಟ್ಟಿರಬಹುದು, ಅಂಚಿನಲ್ಲಿ ಚುಕ್ಕೆ ಬಿದ್ದಿರಬಹುದು, ಆದರೂ ಅದು ಮತ್ತೆ ತಯಾರಾಗುವ ವಸ್ತುವಲ್ಲ. ರಿಪೇರಿಗೆ ಕೊಟ್ಟಾಗ ಡಯಲಿಗೂ ಬಣ್ಣ ಹಾಕಲೇ ಎಂಬ ಪ್ರಶ್ನೆ ಬಂದರೆ ಬೇಡವೆನ್ನುವುದು ಆ ಗಡಿಯಾರಕ್ಕೆ ಮಾಡಬಹುದಾದ ದೊಡ್ಡ ಉಪಕಾರ.

ಅಸಲಿಯನ್ನು ಗುರುತಿಸಲು ಒಂದು ಭೂತಗನ್ನಡಿ ಸಾಕು. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ, ಮರುಬಣ್ಣದಲ್ಲಿ ಶಾಯಿ ಹರಡಿ ದಪ್ಪವಾಗಿರುತ್ತದೆ. ಮರುಬಣ್ಣದ ಡಯಲಿನಲ್ಲಿ ನಿಮಿಷದ ಗೆರೆಗಳೂ ಅಂಕಿಗಳಿಗೆ ನೇರವಾಗಿ ಕೂರದೆ ಅತ್ತಿತ್ತ ಸರಿದಿರುತ್ತವೆ. ಕೇಸಿನ ಮೇಲೆ ನಲವತ್ತು ವರ್ಷದ ಗೀರುಗಳಿದ್ದು ಡಯಲು ಮಾತ್ರ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅನುಮಾನಿಸಬೇಕು. ಯಂತ್ರದ ಮೇಲೆ ಕಂಪನಿಯ ಮುದ್ರೆಯಿರಬೇಕು, ಹಿಂಬದಿಯ ಮುಚ್ಚಳದ ಸಂಖ್ಯೆ ಪಾಲಿಶ್‌ನಲ್ಲಿ ಸವೆದಿರಬಾರದು, ಮುಳ್ಳುಗಳ ಉದ್ದ ಗೆರೆಗಳಿಗೆ ತಕ್ಕಂತಿರಬೇಕು. ಪಟ್ಟಿ, ಚೈನು ಮತ್ತು ಗಾಜು ಬದಲಾಗಿದ್ದರೆ ಚಿಂತೆಯಿಲ್ಲ. ಅವು ಸವೆಯಲೆಂದೇ ಇರುವ ಭಾಗಗಳು. ಡೇಟೋನಾ ಕೊಳ್ಳುವ ಕೋಟ್ಯಧಿಪತಿಯ ಪರವಾಗಿ ತಜ್ಞರು ನೋಡುವುದೂ ಇವನ್ನೇ, ಅವರು ಇನ್ನಷ್ಟು ಹತ್ತಿರದಿಂದ ನೋಡುತ್ತಾರೆ ಅಷ್ಟೆ.

ಇಲ್ಲಿನ ಮನೆಗಳಿಗೆ ದೊಡ್ಡ ಹರಾಜು ಸಂಸ್ಥೆಗಳ ಅನುಕೂಲವಿಲ್ಲ. ಹಳೆ ಸಾಮಾನಿನವರು ಕೈಗೆ ಕೊಡುವ ನೂರಿನ್ನೂರು ರೂಪಾಯಿಗೆ ಗಡಿಯಾರ ಹೋಗಿಬಿಡುತ್ತದೆ, ಇಲ್ಲವೇ ಮಕ್ಕಳ ಆಟಿಕೆಯಾಗಿ ಬಿಚ್ಚಿಹೋಗುತ್ತದೆ. ಮಾರುವ ಮನಸ್ಸಿರಲಿ ಇಲ್ಲದಿರಲಿ, ಮೊದಲು ಮಾಡಬೇಕಾದದ್ದು ಅದರ ದಾಖಲೆಯನ್ನು ಒಟ್ಟುಗೂಡಿಸುವುದು: ಗ್ಯಾರಂಟಿ ಕಾರ್ಡು, ಅಂಗಡಿಯ ರಸೀದಿ, ಮೂಲ ಡಬ್ಬಿ ಉಳಿದಿದ್ದರೆ ಅವು, ಮದುವೆಯ ಫೋಟೊದಲ್ಲಿ ಅದೇ ಗಡಿಯಾರ ಕಾಣುತ್ತಿದ್ದರೆ ಆ ಫೋಟೊದ ಒಂದು ಪ್ರತಿ, ಯಾರು ಯಾರಿಗೆ ಯಾವ ವರ್ಷ ಯಾವ ಊರಲ್ಲಿ ಕೊಟ್ಟರೆಂದು ಇನ್ನೂ ನೆನಪಿರುವ ಹಿರಿಯರಿಂದ ಕೇಳಿ ಬರೆದಿಟ್ಟ ಒಂದು ಚೀಟಿ. ವರ್ಷಗಳಿಂದ ನಿಂತ ಗಡಿಯಾರಕ್ಕೆ ಒಮ್ಮೆಲೆ ಬಿಗಿಯಾಗಿ ಚಾವಿ ಕೊಡಬಾರದು, ಒಣಗಿದ ಎಣ್ಣೆಯ ನಡುವೆ ಗಾಲಿಗಳನ್ನು ಓಡಿಸಿದರೆ ಅಚ್ಚುಗಳು ಸವೆಯುತ್ತವೆ; ಮೊದಲು ತೊಳೆಸಿ ಎಣ್ಣೆ ಬಿಡಿಸಬೇಕು. ರಿಪೇರಿಯಲ್ಲಿ ಯಾವ ಭಾಗ ಬದಲಿಸಬೇಕಾಗಿ ಬಂದರೂ, ತೆಗೆದ ಹಳೆಯ ಮುಳ್ಳು, ತಿರುಪು, ಸ್ಪ್ರಿಂಗುಗಳನ್ನು ರಿಪೇರಿಗಾರರಿಂದ ಕೇಳಿ ವಾಪಸು ಪಡೆದು, ಪೊಟ್ಟಣ ಕಟ್ಟಿ, ಗಡಿಯಾರದ ಡಬ್ಬಿಯಲ್ಲಿಯೇ ಇಡಬೇಕು. ನಾಳೆ ಕೊಳ್ಳುವವರಾಗಲಿ, ಮನೆಯ ಮುಂದಿನ ತಲೆಮಾರಿನವರಾಗಲಿ ಕೇಳುವ ಮೊದಲ ಪ್ರಶ್ನೆ ಮೂಲ ಭಾಗಗಳು ಎಲ್ಲಿ ಎಂಬುದೇ ಆಗಿರುತ್ತದೆ.